ಕ್ಲೈಂಬಿಂಗ್ ಟ್ರೀ ಸ್ಟ್ಯಾಂಡ್: ಚಳಿಗೆ ಕಿರುಗುಡುವ ಕೀಲು, ಬಿಟ್ಟುಕೊಡಲಾಗದ ಸೀಟು

ಬೇಟೆಗೆ ಕಾಯಲು ಮರಕ್ಕೆ ಸಿಕ್ಕಿಸಿ, ಅದರ ಜೊತೆಗೇ ಹತ್ತಿ ಕೂರುವ ಈ ಸ್ಟ್ಯಾಂಡಿನ ತೂಕ ಎಷ್ಟು, ಎಷ್ಟು ಭಾರ ಹೊರುತ್ತದೆ, ಮಡಚಿದರೆ ಎಷ್ಟು ದಪ್ಪ ಅನ್ನುವುದೆಲ್ಲ ಮಾರುವವರೇ ಬರೆದುಕೊಂಡಿದ್ದಾರೆ, ನೀವೂ ಓದಿರುತ್ತೀರಿ. ಅವರು ಬರೆಯದ ವಿಷಯ ಒಂದಿದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಬೆಳಗ್ಗೆ, ಕೂತವರು ಎದ್ದು ನಿಂತು ಎಡಗಾಲಿಗೆ ಭಾರ ಕೊಟ್ಟ ತಕ್ಷಣ ಕೆಳಗಿನ ಹಲಗೆಯ ಕೀಲು ಕಿರ್ ಅನ್ನುತ್ತದೆ. ಮನೆಯಲ್ಲಿ ಫ್ಯಾನ್ ಹಾಕಿಕೊಂಡು ಕೇಳಿದರೆ ಅದೊಂದು ಶಬ್ದವೇ ಅಲ್ಲ. ಗಾಳಿ ನಿಂತ ಕಾಡಿನಲ್ಲಿ, ಇಪ್ಪತ್ತು ಗಜ ದೂರದಲ್ಲಿ ಜಿಂಕೆ ನಿಂತಿರುವಾಗ ಅದಕ್ಕಿಂತ ದೊಡ್ಡ ಶಬ್ದ ಇನ್ನೊಂದಿಲ್ಲ.

ನಾನು ಅಮೆರಿಕದ ಮಿಶಿಗನ್‌ನಲ್ಲಿ ಬಿಲ್ಲಿನಲ್ಲಿ ಜಿಂಕೆ ಬೇಟೆ ಮಾಡುವವನು. ಊರಿನವರಿಗೆ ಹೇಳಿದರೆ ಮೊದಲು ಕೇಳುವುದು ‘ಅದು ಅಪರಾಧ ಅಲ್ವಾ’ ಅಂತಲೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೌದು, ಆ ಕಾಯ್ದೆ ಇರಲೇಬೇಕು ಅಂತಲೇ ನನ್ನ ಅಭಿಪ್ರಾಯ. ಇಲ್ಲಿಯ ಬಿಳಿಬಾಲದ ಜಿಂಕೆಯ ಕತೆ ಬೇರೆ. ಹಿಂಡು ಬೆಳೆದು ಹೊಲ, ತೋಟ, ಹೆದ್ದಾರಿ ಎಲ್ಲ ಕಡೆ ನುಗ್ಗುತ್ತದೆ. ರಾಜ್ಯವೇ ಲೈಸೆನ್ಸ್ ಕೊಟ್ಟು, ಋತು ಗೊತ್ತುಮಾಡಿ, ಲೆಕ್ಕ ಇಡುತ್ತದೆ. 1960ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಸುರಕ್ಷತಾ ಕೋರ್ಸ್ ಮುಗಿಸದೆ ಮಾಮೂಲಿ ಲೈಸೆನ್ಸ್ ಕೇಳುವಂತಿಲ್ಲ. ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ 14ಕ್ಕೆ ನಿಲ್ಲುತ್ತದೆ. 15ರಿಂದ ತಿಂಗಳ ಕೊನೆಯವರೆಗೆ ಕೋವಿಯವರ ಸರದಿ, ಆಮೇಲೆ ಡಿಸೆಂಬರ್‌ನಲ್ಲಿ ಮತ್ತೆ ನಮ್ಮದು.

ನನಗೆ ಸ್ವಂತ ಜಮೀನಿಲ್ಲ. ಹೋಗುವುದು ವಾಟರ್‌ಲೂ ರಿಕ್ರಿಯೇಶನ್ ಏರಿಯಾಗೆ. ಜಾಕ್ಸನ್ ಮತ್ತು ವಾಷ್ಟೆನಾ ಕೌಂಟಿಗಳಲ್ಲಿ ಹರಡಿರುವ, ಇಪ್ಪತ್ತು ಸಾವಿರ ಎಕರೆ ಮೀರಿದ ಸರ್ಕಾರಿ ಕಾಡು ಅದು. ಸಾರ್ವಜನಿಕ ಜಾಗವಾದ್ದರಿಂದ ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಸ್ಕ್ರೂ ಮೆಟ್ಟಿಲು ಹಾಕುವಂತಿಲ್ಲ. ಸ್ಟ್ಯಾಂಡ್ ಮೇಲೆ ನಮ್ಮ ಹೆಸರು ವಿಳಾಸ ಅಥವಾ ಡ್ರೈವಿಂಗ್ ಲೈಸೆನ್ಸ್ ನಂಬರ್ ಬರೆದಿರಬೇಕು. ಹೆಸರು ಬರೆದು ಕಟ್ಟಿಟ್ಟು ಬಂದ ಮಾತ್ರಕ್ಕೆ ಆ ಜಾಗ ನಮ್ಮದೂ ಆಗುವುದಿಲ್ಲ. ಮಾರನೆಯ ದಿನ ಇನ್ಯಾರೋ ಅದರ ಮೇಲೆ ಕೂತಿರಬಹುದು. ಅದಕ್ಕೇ ಬೆನ್ನಿಗೆ ಹಾಕಿಕೊಂಡು ಹೋಗಿ, ಹತ್ತಿ, ಸಂಜೆ ಇಳಿಸಿ ವಾಪಸ್ ತರುವ ಕ್ಲೈಂಬರ್ ಬೇಕಾಯಿತು. ಮುನ್ನೂರು ಡಾಲರ್ ಆಸುಪಾಸು ನನ್ನ ಮಿತಿ, ಆ ದುಡ್ಡಿಗೆ ಸಿಕ್ಕಿದ್ದು ಇದು. ಮುಂದೆ ಅಡ್ಡಪಟ್ಟಿ ಇಲ್ಲದ ಮಾದರಿಯನ್ನೇ ಹುಡುಕಿ ತಗೊಂಡೆ. ಪಟ್ಟಿ ಇದ್ದರೆ ಹತ್ತುವುದು ಸುಲಭ, ಆದರೆ ನನ್ನದು ಎರಡೂ ತುದಿಯಲ್ಲಿ ಚಕ್ರ ಇರುವ ಕಾಂಪೌಂಡ್ ಬಿಲ್ಲು, ಅದರ ಕೆಳಗಿನ ಚಕ್ರ ಪಟ್ಟಿಗೆ ತಗಲುತ್ತದೆ.

ಹತ್ತುವ ಕೆಲಸವೇ ಒಂದು ಸುಖ. ಮೇಲೊಂದು ಸೀಟು, ಕೆಳಗೊಂದು ಹಲಗೆ, ಎರಡಕ್ಕೂ ಮರವನ್ನು ಬಳಸಿ ಬರುವ ಕೇಬಲ್. ಸೀಟಿನ ಚೌಕಟ್ಟಿನ ಮೇಲೆ ಎರಡೂ ಕೈಯಿಟ್ಟು ಭಾರ ಕೊಡಬೇಕು, ಪಾದಕ್ಕೆ ಸಿಕ್ಕಿಸಿದ ಹಲಗೆಯನ್ನು ಮೇಲಕ್ಕೆಳೆದು ಹಿಮ್ಮಡಿ ಒತ್ತಬೇಕು. ಹಲ್ಲುಗಳು ತೊಗಟೆಯಲ್ಲಿ ಕಚ್ಚಿಕೊಂಡವು ಅನ್ನುವುದು ಅಂಗಾಲಿಗೇ ಗೊತ್ತಾಗುತ್ತದೆ. ನಿಂತು, ಸೀಟನ್ನು ಮೇಲೆತ್ತಿ, ಮತ್ತೆ ಅದೇ. ನೆಲದಲ್ಲಿ ಕಟ್ಟುವಾಗ ಹಲಗೆಯ ಮೂತಿ ಸ್ವಲ್ಪ ಮೇಲೆ ನೋಡುವಂತೆ ಕಟ್ಟಬೇಕು. ಮರ ಮೇಲಕ್ಕೆ ಹೋದಂತೆ ಸಣ್ಣಗಾಗುತ್ತದಲ್ಲ, ಇಪ್ಪತ್ತು ಅಡಿ ಮುಟ್ಟುವಷ್ಟರಲ್ಲಿ ಹಲಗೆ ಸಮಕ್ಕೆ ಬಂದಿರುತ್ತದೆ. ಸೀಟು ಮತ್ತು ಹಲಗೆಯನ್ನು ಜೋಡಿಸುವ ಸಣ್ಣ ಹಗ್ಗವನ್ನು ಮಾತ್ರ ಯಾವತ್ತೂ ಮರೆಯಬೇಡಿ. ಹಲಗೆ ಜಾರಿ ಬುಡಕ್ಕೆ ಬಿದ್ದರೆ ನೀವು ಮೇಲೆ ಸೀಟಿನಲ್ಲೇ ಉಳಿಯುತ್ತೀರಿ.

ಮರ ಆರಿಸುವುದಕ್ಕೆ ಕಣ್ಣು ಪಳಗಬೇಕು. ನೆಟ್ಟಗೆ ಬೆಳೆದ, ಕೆಳಗೆ ಕೊಂಬೆ ಇಲ್ಲದ ಕೆಂಪು ಓಕ್ ಸಿಕ್ಕರೆ ಬೇರೆ ಯೋಚನೆ ಬೇಡ. ಶಾಗ್‌ಬಾರ್ಕ್ ಹಿಕರಿಯ ತೊಗಟೆ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ, ಒಂದೊಂದು ಹೆಜ್ಜೆಗೂ ಸದ್ದು. ಬೂದು ಬಣ್ಣದ ಆ್ಯಶ್ ಮರ ಎಷ್ಟೇ ನೆಟ್ಟಗಿರಲಿ, ಹತ್ತಿರ ಹೋಗಬೇಡಿ. 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾದ ಎಮರಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಕೀಟ ಈ ಭಾಗದ ಆ್ಯಶ್‌ಗಳನ್ನೆಲ್ಲ ಒಣಗಿಸಿಬಿಟ್ಟಿದೆ. ಮರ ನಿಂತಿರುತ್ತದೆ, ಒಳಗೆ ಜೀವ ಇರುವುದಿಲ್ಲ. ಇನ್ನು ಕಾಂಡಕ್ಕೆ ಕೂದಲಿನ ಹಗ್ಗದಂಥ ಬಳ್ಳಿ ಅಂಟಿಕೊಂಡಿದ್ದರೆ ಅದು ಪಾಯ್ಸನ್ ಐವಿ. ಎಲೆ ಉದುರಿದ ಮೇಲೂ ಅದರ ಎಣ್ಣೆ ಕೈ ಸುಡುತ್ತದೆ.

ಮೇಲೆ ಹೋದ ಮೇಲಿನ ಕ್ರಮ ನನಗೆ ಪೂಜೆಯಷ್ಟೇ ಮುಖ್ಯ. ಬೀಳದಂತೆ ಮೈಗೆ ತೊಡುವ ಹಾರ್ನೆಸ್‌ನ ಪಟ್ಟಿಯನ್ನು ನೆಲದಲ್ಲಿರುವಾಗಲೇ ಮರಕ್ಕೆ ಸಿಕ್ಕಿಸಿರುತ್ತೇನೆ. ಹತ್ತುವಾಗ ಅದನ್ನೂ ಜೊತೆಗೆ ಏರಿಸುತ್ತ, ಕೊನೆಗೆ ತಲೆಗಿಂತ ಮೇಲಕ್ಕೆ ಸರಿಸಿ, ಕೂತಾಗ ಸಡಿಲವೇ ಇರದಂತೆ ಬಿಗಿಯುತ್ತೇನೆ. ಆಮೇಲೆ ಹಗ್ಗ ಇಳಿಬಿಟ್ಟು ಬಿಲ್ಲು ಮೇಲೆಳೆದುಕೊಳ್ಳುವುದು. ಬಾಣ ಹೂಡಿರಬಾರದು, ಬ್ರಾಡ್‌ಹೆಡ್‌ಗಳು, ಅಂದರೆ ಬಾಣದ ಹರಿತವಾದ ಮೊನೆಗಳು, ಬತ್ತಳಿಕೆಯ ಮುಚ್ಚಳದೊಳಗೆ ಇರಬೇಕು. ಬಿಲ್ಲನ್ನು ಬಲಗಡೆ ಕೊಕ್ಕೆಗೆ ತೂಗುಹಾಕಿ, ಜೇಬಿನಿಂದ ಮಿಲ್ಕ್‌ವೀಡ್ ಕಾಯಿ ತೆಗೆದು ಎರಡು ಎಳೆ ಗಾಳಿಗೆ ಬಿಡುತ್ತೇನೆ. ಅದು ನಮ್ಮ ಎಕ್ಕದ ಕುಟುಂಬದ್ದೇ ಗಿಡ, ಬೀಜಕ್ಕೆ ಅದೇ ಬಿಳಿ ರೇಷ್ಮೆ. ಪುಡಿ ಊದುವ ಬಾಟಲಿ ಮಾರುತ್ತಾರೆ, ಆದರೆ ಪುಡಿ ಎರಡು ಮಾರು ಹೋಗುವುದರೊಳಗೆ ಮಾಯ. ಈ ಎಳೆ ಅರವತ್ತು ಎಪ್ಪತ್ತು ಗಜ ಕಾಣುತ್ತ ಹೋಗುತ್ತದೆ. ಬೆಳಗಿನ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುವುದು, ಬಿಸಿಲು ಬಿದ್ದ ಮೇಲೆ ಅದೇ ಗಾಳಿ ಮೇಲೇಳುವುದು, ಎಲ್ಲವನ್ನೂ ಅದು ತೋರಿಸುತ್ತದೆ. ನನ್ನ ವಾಸನೆ ಎಲ್ಲಿಗೆ ತಲುಪುತ್ತಿದೆ ಅಂತ ಕಣ್ಣಾರೆ ನೋಡಬಹುದು. ಜಿಂಕೆಯ ಮೂಗಿಗಿಂತ ದೊಡ್ಡ ಕಾವಲುಗಾರ ಕಾಡಿನಲ್ಲಿಲ್ಲ. ಸೀಸನ್ ಪೂರ್ತಿ ನಾನು ಬಳಸುವುದು ವಾಸನೆ ಇಲ್ಲದ ಸೋಪು, ಫಿಲ್ಟರ್ ಕಾಫಿ ಕಾರಿನಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಜೋಪಾನ ಮಾಡಿದವನಿಗೆ ಆ ಕೀಲು ಮಾಡಿದ್ದೇನು ಅಂತ ಈಗ ಹೇಳುತ್ತೇನೆ.

ನವೆಂಬರ್ ಮೊದಲ ವಾರ, ಬೆದೆಗಾಲ. ಗಂಡುಗಳು ಎಚ್ಚರ ಬಿಟ್ಟು ಹಗಲೆಲ್ಲ ತಿರುಗುವುದರಿಂದ ಬೆಳಗಿನಿಂದ ಸಂಜೆಯವರೆಗೆ ಮರದಲ್ಲೇ ಕೂರುವ ದಿನಗಳು ಅವು. ಮುಂಜಾನೆ ಹುಲ್ಲಿನ ಮೇಲೆ ಹಿಮ ಕಟ್ಟಿತ್ತು. ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಜೌಗಿನ ಅಂಚಿನಿಂದ ಒಂದು ದೊಡ್ಡ ಗಂಡು ಬಂತು. ಕುತ್ತಿಗೆ ಊದಿಕೊಂಡಿತ್ತು, ಮೂಗು ನೆಲದಲ್ಲಿತ್ತು, ಹೆಣ್ಣೊಂದರ ಜಾಡು ಹಿಡಿದು ಬರುತ್ತಿತ್ತು. ಎದ್ದು ನಿಂತೆ. ಕಿರ್. ಜಿಂಕೆ ನಿಂತಲ್ಲೇ ನಿಂತು ತಲೆಯೆತ್ತಿ ನೇರ ನನ್ನ ಮರವನ್ನೇ ನೋಡಿತು. ಮುಂಗಾಲನ್ನು ಒಮ್ಮೆ ನೆಲಕ್ಕೆ ಬಡಿಯಿತು, ಫುಸ್ಸೆಂದು ಸೀನಿ, ಬಿಳಿ ಬಾಲ ಎತ್ತಿ, ಹೋಯಿತು. ಬೆಳಗಿನ ನಾಲ್ಕಕ್ಕೆ ಎದ್ದದ್ದು, ವರ್ಷವೆಲ್ಲ ಅಂಗಳದಲ್ಲಿ ಗುರಿ ಅಭ್ಯಾಸ ಮಾಡಿದ್ದು, ಎಲ್ಲ ಒಂದು ಬೋಲ್ಟಿನ ಪಾಲಾಯಿತು. ಆ ಕ್ಷಣ ಸ್ಟ್ಯಾಂಡನ್ನು ಅಲ್ಲೇ ಬಿಟ್ಟು ಬರುವಷ್ಟು ಸಿಟ್ಟು ಬಂದಿತ್ತು.

ಅದಕ್ಕೂ ಮುಂಚೆಯೇ ಕಂಪನಿಗೆ ಬರೆದು ಕೇಳಿದ್ದೆ. ‘ಎಣ್ಣೆ ಸ್ಪ್ರೇ ಹೊಡೆಯಿರಿ’ ಅಂತ ಎರಡು ಸಾಲಿನ ಉತ್ತರ ಬಂದಿತ್ತು. ಜಿಂಕೆ ಬೇಟೆಗೆಂದೇ ಸಾಮಾನು ಮಾರುವವರು ಪೆಟ್ರೋಲಿಯಂ ವಾಸನೆಯನ್ನು ಇಪ್ಪತ್ತು ಅಡಿ ಎತ್ತರದಿಂದ ಕಾಡಿಗೆ ಹಂಚಿ ಅನ್ನುವ ಸಲಹೆ ಕೊಡಬಾರದು. ಆ ಸದ್ದಿನ ಕಾರಣ ಕಷ್ಟದ್ದೇನಲ್ಲ. ಚೌಕಟ್ಟು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಚಳಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ಬೇಸಿಗೆಯಲ್ಲಿ ಗ್ಯಾರೇಜಿನಲ್ಲಿ ಬಿಗಿಯಾಗಿದ್ದ ಕೀಲು ನವೆಂಬರಿನಲ್ಲಿ ಸಡಿಲವಾಗಿ, ಲೋಹ ಲೋಹವನ್ನು ಉಜ್ಜುತ್ತದೆ. ನಡುವೆ ಒಂದು ನೈಲಾನ್ ವಾಷರ್ ಹಾಕಿದ್ದರೆ ತೀರುತ್ತಿತ್ತು. ಕೆಲವೇ ಸೆಂಟುಗಳ ವಾಷರ್.

ಆದರೂ ಆ ದಿನ ನಾನು ಇಳಿಯಲಿಲ್ಲ. ಈ ವಿಮರ್ಶೆ ಬರೀ ದೂರಾಗದೆ ಇರುವುದಕ್ಕೆ ಅದೇ ಕಾರಣ. ಇನ್ನು ಎದ್ದು ನಿಲ್ಲುವುದೇ ಬೇಡ, ಏನಿದ್ದರೂ ಕೂತೇ ಅಂತ ತೀರ್ಮಾನಿಸಿದೆ. ಈ ಸ್ಟ್ಯಾಂಡಿನ ಸೀಟು ಎಂಥದ್ದು ಅನ್ನುವುದು ಆವತ್ತು ಪೂರ್ತಿ ಅರ್ಥವಾಯಿತು. ಅದು ದಿಂಬಿನ ಸೀಟಲ್ಲ, ಬಲೆಯ ಜೋಲಿ. ನೀರು ಹೀರುವುದಿಲ್ಲ, ಸದ್ದು ಮಾಡುವುದಿಲ್ಲ, ತೊಡೆಯ ಕೆಳಗೆ ಯಾವ ಅಂಚೂ ಒತ್ತುವುದಿಲ್ಲ. ಗೆಳೆಯರೊಬ್ಬರ, ಮರಕ್ಕೆ ಕಟ್ಟಿಡುವ ಹ್ಯಾಂಗ್-ಆನ್ ಸ್ಟ್ಯಾಂಡಿನಲ್ಲಿ ಕೂತಾಗ ಎರಡು ಗಂಟೆಗೆ ಕಾಲು ಜೋಮು ಹಿಡಿದಿತ್ತು. ಇಲ್ಲಿ ಮಧ್ಯಾಹ್ನವಾದರೂ ಮೈ ಮಿಸುಕಾಡಬೇಕು ಅನ್ನಿಸಲಿಲ್ಲ. ಮಿಸುಕದೆ ಕೂತವರಿಗೆ ಕಾಡು ತನ್ನ ಕೆಲಸ ಮುಂದುವರಿಸುತ್ತದೆ. ಕೆಂಚು ಅಳಿಲೊಂದು ನನ್ನ ಬೂಟಿನ ಪಕ್ಕದಲ್ಲೇ ಓಕ್ ಕಾಯಿ ಹಿಡಿದುಕೊಂಡು ಹತ್ತಿಹೋಯಿತು. ಹತ್ತಿರದ ಹೇನ್ಲಿ ಪಕ್ಷಿಧಾಮದಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ಸ್ಯಾಂಡ್‌ಹಿಲ್ ಕೊಕ್ಕರೆಗಳು ಸಾವಿರಗಟ್ಟಲೆ ಸೇರುತ್ತವೆ. ಮೇಯಲು ಹೊರಟ ಹಿಂಡುಗಳು ಗಂಟಲಲ್ಲಿ ಉರುಳಿಸುವ ಆ ಒಡಕು ಕೂಗು ಹಾಕುತ್ತ ನನ್ನ ಮರದ ಮೇಲೆಯೇ ಹಾದುಹೋದವು. ಆ ಕೂಗಿಗಾಗಿಯೇ ಅಲ್ಲಿ ಕೂತಿರಬಹುದು.

ಸಂಜೆ ನಾಲ್ಕು ದಾಟಿದ ಮೇಲೆ ಹಿಂದಿನಿಂದ ಒಣಗಿದ ಎಲೆ ಸದ್ದು. ಅಳಿಲಿನದು ಪಟಪಟ ನಿಂತು ನಿಂತು ಬರುತ್ತದೆ, ಜಿಂಕೆಯದು ಹೆಜ್ಜೆ ಎಣಿಸಿದ ಹಾಗೆ ಬರುತ್ತದೆ. ಆರು ಕವಲಿನ ಕೊಂಬಿನ ಎಳೆಯ ಗಂಡು, ಎಡಗಡೆಯಿಂದ ಬಂದು ಚೆರ್ರಿ ಮರದ ಹಿಂದೆ ತಲೆ ಮರೆಯಾಗುವ ತನಕ ಕಾದೆ. ಕೂತಲ್ಲೇ ಸೊಂಟ ಬಾಗಿಸಿ ಹೆದೆ ಎಳೆದೆ. ಚಕ್ರಗಳು ಹೊರಳಿದ ಮೇಲೆ ಕೈಗೆ ಉಳಿಯುವ ಭಾರ ಸ್ವಲ್ಪವೇ. ಮುಂದೆ ಅಡ್ಡಪಟ್ಟಿ ಇಲ್ಲ, ಕೀಲಿನ ಮೇಲೆ ಭಾರ ಬದಲಾಗಲಿಲ್ಲ, ಒಂದು ಸದ್ದೂ ಇಲ್ಲ. ಹದಿನೆಂಟು ಗಜದ ಹತ್ತಿರ, ಮೈ ಸ್ವಲ್ಪ ಆಚೆಗೆ ತಿರುಗಿಸಿ ನಿಂತಿತ್ತು. ಮೇಲಿನಿಂದ ಹೊಡೆಯುವಾಗ ಬಾಣ ಎಲ್ಲಿ ಒಳಹೊಕ್ಕಿತು ಅನ್ನುವುದಕ್ಕಿಂತ ಎಲ್ಲಿ ಹೊರಬರುತ್ತದೆ ಅನ್ನುವುದನ್ನು ನೋಡಿ ಗುರಿ ಹಿಡಿಯಬೇಕು. ಬಿಟ್ಟೆ. ಎರಡು ನೆಗೆತ, ಪೊದೆ ಮುರಿದ ಸದ್ದು, ಆಮೇಲೆ ಏನೂ ಇಲ್ಲ.

ಅರ್ಧ ಗಂಟೆ ಕಾದು ಇಳಿದೆ. ಬಾಣ ನೆಲದಲ್ಲಿ ನೆಟ್ಟಿತ್ತು, ಅದರ ಮೇಲೆ ನೊರೆ ಬೆರೆತ ಕೆಂಪು. ಶ್ವಾಸಕೋಶಕ್ಕೆ ಬಿದ್ದಿದೆ, ಬೇಗ ಮುಗಿದಿದೆ ಅಂತ ಅರ್ಥ. ನಿಜವಾಗಿಯೂ ಎದೆ ಹಗುರಾಯಿತು, ಪ್ರಾಣಿ ನರಳಬಾರದು ಅನ್ನುವುದು ಈ ಇಡೀ ಅಭ್ಯಾಸದ ತಿರುಳು. ಲೈಸೆನ್ಸಿನ ಟ್ಯಾಗ್ ಕಟ್ಟಿ, ಹೊಟ್ಟೆ ಶುಚಿ ಮಾಡಿ, ಕಾರಿನವರೆಗೆ ಎಳೆದು ತಂದೆ. 2022ರಿಂದ ಇಲ್ಲಿ ಬೇಟೆಯನ್ನು 72 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ದಾಖಲಿಸುವುದು ಕಡ್ಡಾಯ. ಜಿಂಕೆಗಳ ಮಿದುಳಿನ ರೋಗ ಸಿಡಬ್ಲ್ಯೂಡಿ ಈ ರಾಜ್ಯದ ಕಾಡು ಜಿಂಕೆಗಳಲ್ಲಿ 2015ರಲ್ಲಿ ಕಾಣಿಸಿಕೊಂಡಿದ್ದರಿಂದ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬಂದ ಮೇಲೆಯೇ ಅಡುಗೆ. ಕೊಬ್ಬಿಲ್ಲದ ಮಾಂಸ, ಕಾಳುಮೆಣಸು ಮತ್ತು ಕಾಚಂಪುಳಿ ಹಾಕಿ ನಿಧಾನಕ್ಕೆ ಬೇಯಿಸಿದರೆ ಅಕ್ಕಿ ರೊಟ್ಟಿಗೆ ಬೇರೇನೂ ಬೇಡ.

ಆಮೇಲೆ ಕೀಲನ್ನು ನಾನೇ ರಿಪೇರಿ ಮಾಡಿದೆ. ಬೋಲ್ಟ್ ಬಿಚ್ಚಿ, ಎರಡೂ ಬದಿಗೆ ನೈಲಾನ್ ವಾಷರ್, ಸುವಾಸನೆ ಇಲ್ಲದ ಮೇಣದಬತ್ತಿಯನ್ನು ಬೋಲ್ಟಿನ ಕುತ್ತಿಗೆಗೆ ಉಜ್ಜಿ, ತಾನಾಗಿ ಸಡಿಲವಾಗದ ನೈಲಾಕ್ ನಟ್ ಹಾಕಿ ಬಿಗಿದೆ. ಲೋಹ ಲೋಹಕ್ಕೆ ತಾಗುವ ಕಡೆಗೆಲ್ಲ ಹಾಕಿ ಆಟದ ಕೋಲಿಗೆ ಸುತ್ತುವ ಬಟ್ಟೆಯ ಟೇಪ್ ಸುತ್ತಿದೆ. ತೀರಾ ಕೊರೆಯುವ ಚಳಿಯಲ್ಲಿ ಈಗಲೂ ಸಣ್ಣಗೆ ಗೊಣಗುತ್ತದೆ, ಆದರೆ ಜಿಂಕೆ ತಲೆಯೆತ್ತುವಷ್ಟಲ್ಲ. ನಾನಂತೂ ಕೂತೇ ಹೊಡೆಯುವುದನ್ನು ಬಿಟ್ಟಿಲ್ಲ, ಅಂಗಳದ ಅಭ್ಯಾಸವೂ ಈಗ ಕುರ್ಚಿಯ ಮೇಲೆಯೇ.

ಡಬ್ಬದಲ್ಲಿ ಬರುವ ಹಾರ್ನೆಸ್ ಬಗ್ಗೆ ಖಡಾಖಂಡಿತ ಹೇಳುತ್ತೇನೆ: ತೊಡಬಹುದು, ಆದರೆ ದಿನವಿಡೀ ಕೂರುವವರು ಒಳ್ಳೆಯದೊಂದನ್ನು ಬೇರೆಯಾಗಿ ಕೊಳ್ಳಿ. ಬಿದ್ದು ನೇತಾಡಿದರೆ ತೊಡೆಯ ಪಟ್ಟಿಗಳು ರಕ್ತ ತಡೆಯುತ್ತವೆ, ಕಾಲಿಟ್ಟು ನಿಲ್ಲುವ ಕುಣಿಕೆ ಜೇಬಿನಲ್ಲಿ ಇರಲೇಬೇಕು. ಒಮ್ಮೆ ನೆಲಕ್ಕೆ ಹತ್ತಿರದಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ನೇತಾಡಿ ನೋಡಿ. ಹಾರ್ನೆಸ್ ಮೇಲೆ ತಯಾರಾದ ತಾರೀಖು ಹೊಲಿದಿರುತ್ತಾರೆ, ಸಾಮಾನ್ಯವಾಗಿ ಐದು ವರ್ಷಕ್ಕೆ ಅದನ್ನು ಬದಲಿಸಬೇಕು, ನೋಡೋಕೆ ಹೊಸದರಂತಿದ್ದರೂ.

ಸ್ವಂತ ಜಮೀನು ಇರುವವರಿಗೆ ಇದು ಬೇಡ, ಏಣಿಯ ಸ್ಟ್ಯಾಂಡ್ ಒಳ್ಳೆಯದು. ಭುಜ, ಮಂಡಿ ನೋವಿರುವವರಿಗೂ ಬೇಡ. ಈಗಿನ ಹುಡುಗರೆಲ್ಲ ಸ್ಯಾಡಲ್ ಅಂತ ಹಗುರದ ಜೋಲಿಗೆ ಹೋಗುತ್ತಿದ್ದಾರೆ, ಡೊಂಕು ಮರ ಹತ್ತುವುದಕ್ಕೆ ಅದೇ ಸರಿ. ನನ್ನ ಹಾಗೆ ಸರ್ಕಾರಿ ಕಾಡು, ನೆಟ್ಟಗಿನ ಓಕ್, ಬೆಳಗಿನಿಂದ ಸಂಜೆಯ ತನಕ ಕೂರುವ ಹಟ ಇರುವವರು ಇದನ್ನು ಕೊಳ್ಳಿ, ವಾಷರ್‌ಗಳನ್ನು ಜೊತೆಗೇ ತನ್ನಿ. ಐದರಲ್ಲಿ ನಾಲ್ಕು ಕೊಡುತ್ತೇನೆ. ಹಿಡಿದಿಟ್ಟ ಒಂದು ಆ ಎರಡು ಸಾಲಿನ ಉತ್ತರಕ್ಕೆ.

ಈ ವರ್ಷ ತೆಗೆದು ಒರೆಸುವಾಗ ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಬಿರಿದಿರುವುದು ಕಾಣಿಸಿತು, ಒಳಗೆ ಸ್ವಲ್ಪ ತುಕ್ಕೂ ಇದೆ. ಇಷ್ಟು ವರ್ಷಕ್ಕೆ ಅದು ಸಹಜ. ಹೊಸದಕ್ಕೆ ಆರ್ಡರ್ ಹಾಕಿದ್ದೇನೆ, ಅದು ಬಂದು ಕಟ್ಟುವ ತನಕ ಸ್ಟ್ಯಾಂಡು ಗ್ಯಾರೇಜಿನಿಂದ ಹೊರಗೆ ಬರುವುದಿಲ್ಲ.