ಮೌಸರ್ ಆಕ್ಷನ್ನಿನ ರಿಗ್ಬಿಯೋ, ಬಿಎಸ್‌ಎಯ ಲೀ-ಸ್ಪೀಡೋ?

ಹಳೆಯ ಬ್ರಿಟಿಷ್ ಬೇಟೆ ರೈಫಲ್ ಸಂಗ್ರಹಿಸುವವರು ನಳಿಗೆಯ ಮೇಲಿನ ಅಂಗಡಿಯ ಹೆಸರಿಗಿಂತ ಮೊದಲು ಆಕ್ಷನ್ (ತೋಟೆಯನ್ನು ಒಳಸೇರಿಸಿ, ಬಿಗಿದು, ಹಾರಿಸುವ ಯಂತ್ರಭಾಗ) ಎಲ್ಲಿಂದ ಬಂತೆಂದು ನೋಡಬೇಕು. ಲಂಡನ್ನಿನ ಬಂದೂಕು ತಯಾರಕರಾದ ರಿಗ್ಬಿಯವರು ಜರ್ಮನಿಯ ಓಬರ್ನ್‌ಡಾರ್ಫ್‌ನಿಂದ ಮೌಸರ್ ಆಕ್ಷನ್ ತರಿಸಿ ರೈಫಲ್ ಪೂರ್ಣಗೊಳಿಸುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಂಪನಿ ತಯಾರಿಸಿದ, ಲೀ ಆಕ್ಷನ್ನಿನ ಎಷ್ಟೋ ಲೀ-ಸ್ಪೀಡ್ ರೈಫಲ್‌ಗಳು ಬೇರೆ ಬಂದೂಕು ವ್ಯಾಪಾರಿಗಳ ಹೆಸರು ಹೊತ್ತು ಮಾರಾಟವಾದವು.

ಬಲದಲ್ಲಿ ಮೌಸರ್ ಮುಂದು. ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟಿನ ಮುಂತುದಿಯ ಎರಡು ಲಗ್‌ಗಳು (ಬಿಗಿಯುವ ಉಬ್ಬುಗಳು) ಸ್ಫೋಟದ ಒತ್ತಡವನ್ನು ತೋಟೆಯ ಬೆನ್ನಿಗೇ ತಡೆಯುತ್ತವೆ, ಉದ್ದನೆಯ ಎಕ್ಸ್‌ಟ್ರಾಕ್ಟರ್ (ತೋಟೆಯನ್ನು ಹೊರಗೆಳೆಯುವ ಕೊಕ್ಕೆ) ಮ್ಯಾಗಜೀನಿನಿಂದ ಮೇಲೆದ್ದ ತೋಟೆಯನ್ನು ಕೂಡಲೇ ಹಿಡಿದುಕೊಳ್ಳುತ್ತದೆ. 1911ರ ದೊಡ್ಡ ತೋಟೆ .416 ರಿಗ್ಬಿಯ ರೈಫಲ್‌ಗೆ ಆಧಾರವಾದದ್ದು ಮೌಸರ್‌ನ ದೊಡ್ಡ ಮ್ಯಾಗ್ನಮ್ ಆಕ್ಷನ್. ಲೀಯ ಲಗ್‌ಗಳು ಹಿಂಬದಿಯಲ್ಲಿವೆ. ಆದರೆ ಅದರ ಬೋಲ್ಟ್ ಬೆರಳಿಗೆ ಬೆಣ್ಣೆಯಂತೆ ಜಾರುತ್ತದೆ, .303 ತೋಟೆಗೆ ಆ ಬಲ ಧಾರಾಳ ಸಾಕು.

ಬೆಲೆಯಲ್ಲಿ ರಿಗ್ಬಿ ಬಹಳ ದುಬಾರಿ. ಮಿತವಾದ ಖರ್ಚಿನಲ್ಲಿ ಆರಂಭಿಸುವವರಿಗೆ ಲೀ-ಸ್ಪೀಡ್ ಒಪ್ಪುತ್ತದೆ; ದೊಡ್ಡ ಕ್ಯಾಲಿಬರ್ (ನಳಿಗೆಯ ಒಳವ್ಯಾಸ) ಬಯಸುವವರು ರಿಗ್ಬಿಗೆ ಕಾಯುವುದೇ ಸರಿ. ಯಾವುದಾದರೂ, ನುರಿತವರಿಂದ ಮರದ ಹಿಡಿ ಬಿಚ್ಚಿಸಿ, ಲೋಹದ ಅಡಿಭಾಗದ ಪ್ರೂಫ್ ಗುರುತುಗಳನ್ನು (ಬಲಪರೀಕ್ಷೆಯ ಮುದ್ರೆಗಳನ್ನು) ಓದಿಯೇ ಹಣ ಕೊಡಿ.