ಜೆರಾಕ್ಸ್ ಅಂಗಡಿಗೆ ಫೈಲ್ ಬರುವ ದಾರಿಗಳು: ವಾಟ್ಸ್ಯಾಪ್, ಮೇಲ್, ಪೆನ್‌ಡ್ರೈವ್, ಕೇಬಲ್, ಕ್ವಿಕ್ ಶೇರ್

"ಅಣ್ಣಾ, ನಿಮ್ ವಾಟ್ಸ್ಯಾಪ್ ನಂಬರ್ ಹೇಳಿ, ಆಧಾರ್ ಕಳಿಸ್ತೀನಿ. ಎರಡು ಕಾಪಿ ಬೇಕು." ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಯ ಅಂಗಡಿಗಳಲ್ಲಿ ದಿನವಿಡೀ ಕೇಳುವ ಮಾತು. ಕಾಗದದ ಎರಡು ಕಾಪಿ ಗ್ರಾಹಕರ ಕೈಗೆ ಹೋಗುತ್ತವೆ. ಕಂಪ್ಯೂಟರಿನಲ್ಲಿ, ಅಂಗಡಿಯ ಮೊಬೈಲಿನಲ್ಲಿ, ಕೆಲವೊಮ್ಮೆ ಗೂಗಲ್ ಖಾತೆಯಲ್ಲಿ ಇನ್ನೂ ಎರಡು ಮೂರು ಕಾಪಿ ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತವೆ.

ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ ಇದರ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿತ್ತು: ಸೈಬರ್ ಕೆಫೆಯಂಥ ಕಡೆ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಆ ಕಂಪ್ಯೂಟರಿನಲ್ಲಿರುವ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಿ ಎಂದು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದೆಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂಪಡೆಯಿತು. ಅಳಿಸಿ ಎಂಬ ಸಲಹೆಯಲ್ಲಂತೂ ತಪ್ಪೇನಿರಲಿಲ್ಲ. ಎಲ್ಲಿ ಅಳಿಸಬೇಕು ಎಂಬುದು ಗೊತ್ತಿರಬೇಕು, ಅಷ್ಟೆ.

ವಿಂಡೋಸ್ 11ರ ಕೌಂಟರ್ ಕಂಪ್ಯೂಟರಿನಲ್ಲಿ, ಆಂಡ್ರಾಯ್ಡ್ ಮತ್ತು ಐಫೋನ್ ಎರಡರಿಂದಲೂ ಫೈಲ್ ತರಿಸಿ ನೋಡಿದಾಗ ಕಂಡದ್ದು ಇಲ್ಲಿದೆ. ಒಂದೆರಡು ಪುಟದ ಕೆಲಸಕ್ಕೆ ವೇಗ ಎಲ್ಲದರಲ್ಲೂ ಸಾಕಷ್ಟಿದೆ. ಹಾಗಾಗಿ ಕೆಲಸ ಮುಗಿದ ಮೇಲೆ ಎಲ್ಲೆಲ್ಲಿ ಏನು ಉಳಿಯುತ್ತದೆ ಎಂಬುದೇ ಇಲ್ಲಿ ಅಳತೆಗೋಲು. ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಕಂಪ್ಯೂಟರಿಗೆ ಬ್ಲೂಟೂತ್ ಇದ್ದರೆ ಆಂಡ್ರಾಯ್ಡ್ ಗ್ರಾಹಕರಿಗೆ ಕ್ವಿಕ್ ಶೇರ್, ಅಂದರೆ ಫೋನಿನಿಂದ ಪಕ್ಕದ ಕಂಪ್ಯೂಟರಿಗೆ ನೇರವಾಗಿ ಫೈಲ್ ಕಳಿಸುವ ಸೌಲಭ್ಯ. ಉಳಿದವರಿಗೆ ಅಂಗಡಿಗೇ ಮೀಸಲಾದ ನಂಬರಿನ ವಾಟ್ಸ್ಯಾಪ್, ಸಂದೇಶಗಳನ್ನು ತಾನಾಗಿ ಅಳಿಸುವ 24 ಗಂಟೆಯ ಟೈಮರ್ ಸಮೇತ. ಪ್ರಾಜೆಕ್ಟ್ ರಿಪೋರ್ಟಿನಂಥ ದಪ್ಪ ಫೈಲಿಗೆ ಮೇಲ್. ಪೆನ್‌ಡ್ರೈವ್ ಬೇರೆ ಗತಿಯಿಲ್ಲದಾಗ ಮಾತ್ರ.

ವಾಟ್ಸ್ಯಾಪ್

ಗ್ರಾಹಕರಿಗೆ ಏನೂ ಕಲಿಸಬೇಕಾಗಿಲ್ಲ, ಐಫೋನ್ ಆದರೂ ನಡೆಯುತ್ತದೆ. ಅಂಗಡಿಗಳು ಇದಕ್ಕೇ ಅಂಟಿಕೊಂಡಿರುವುದು ಸಹಜ. ಆದರೆ ಅತಿ ಹೆಚ್ಚು ಪ್ರತಿ ಉಳಿಸುವ ದಾರಿಯೂ ಇದೇ. ಒಂದು ಆಧಾರ್ ಪಿಡಿಎಫ್ ಬಂತು ಅನ್ನಿ. ಮೊಬೈಲಿನಲ್ಲಿ ಆಟೋ ಡೌನ್‌ಲೋಡ್ ಆನ್ ಇದ್ದರೆ ಅದು ಫೋನಿನ ವಾಟ್ಸ್ಯಾಪ್ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಇಳಿಯುತ್ತದೆ. ವಾಟ್ಸ್ಯಾಪ್ ವೆಬ್‌ನಲ್ಲಿ ಕ್ಲಿಕ್ ಮಾಡಿದ ಕೂಡಲೇ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ಇನ್ನೊಂದು. ಚಾಟ್ ಬ್ಯಾಕಪ್ ಆನ್ ಇದ್ದರೆ ಗೂಗಲ್ ಖಾತೆಯಲ್ಲಿ ಮತ್ತೊಂದು. ಪಿಡಿಎಫ್ ಬದಲು ಫೋಟೋ ಬಂದು, ಗೂಗಲ್ ಫೋಟೋಸ್‌ನಲ್ಲಿ ವಾಟ್ಸ್ಯಾಪ್ ಇಮೇಜಸ್ ಫೋಲ್ಡರಿನ ಬ್ಯಾಕಪ್ಪೂ ಆನ್ ಇದ್ದರೆ ಅಲ್ಲೂ ಒಂದು. ಮನೆಯವರ ಮದುವೆ ಫೋಟೋಗಳ ನಡುವೆ ಊರಿನವರ ಪ್ಯಾನ್ ಕಾರ್ಡುಗಳು ಕಾಣಿಸುವುದು ಹೀಗೆ.

ಸರಿಪಡಿಸುವ ಕ್ರಮ ಇದು. ಸ್ವಂತ ನಂಬರನ್ನು ಕೌಂಟರಿಗೆ ಬಳಸಬೇಡಿ. ಇನ್ನೊಂದು ಸಿಮ್‌ನ ನಂಬರಿಗೆ ವಾಟ್ಸ್ಯಾಪ್ ಬಿಸಿನೆಸ್ ಹಾಕಿಕೊಳ್ಳಿ. ಅದು ಬೇರೆಯೇ ಆ್ಯಪ್ ಆದ್ದರಿಂದ ಒಂದೇ ಫೋನಿನಲ್ಲಿ ಎರಡೂ ಇರಬಹುದು. ಅದರ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿಗೆ ಹೋಗಿ ಡೀಫಾಲ್ಟ್ ಮೆಸೇಜ್ ಟೈಮರ್ ಅನ್ನು 24 ಗಂಟೆಗೆ ಇಡಿ. 7 ದಿನ, 90 ದಿನದ ಆಯ್ಕೆಗಳೂ ಇವೆ, ಅಷ್ಟು ಬೇಕಾಗಿಲ್ಲ. ಇದು ಹೊಸ ಚಾಟ್‌ಗಳಿಗೆ ಮಾತ್ರ ತಾನಾಗಿ ಅನ್ವಯಿಸುತ್ತದೆ. ಕಾಯಂ ಗಿರಾಕಿಗಳ ಹಳೆಯ ಚಾಟ್‌ಗಳನ್ನು ಆಯ್ಕೆ ಮಾಡಿ ಹಾಕಬೇಕು. ಇಲ್ಲೇ ಹಲವರು ಎಡವುವುದು: ಟೈಮರ್ ಅಳಿಸುವುದು ಚಾಟ್‌ನಲ್ಲಿರುವುದನ್ನು. ಫೋನಿಗೆ ತಾನಾಗಿ ಇಳಿದ ಫೋಟೋ, ಕಂಪ್ಯೂಟರಿನ ಡೌನ್‌ಲೋಡ್ಸ್‌ಗೆ ಬಂದ ಪಿಡಿಎಫ್ ಎರಡೂ ಹಾಗೇ ಕೂತಿರುತ್ತವೆ. ಹಾಗಾಗಿ ಸ್ಟೋರೇಜ್ ಆ್ಯಂಡ್ ಡೇಟಾದಲ್ಲಿ ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರಕ್ಕೂ ಆಟೋ ಡೌನ್‌ಲೋಡ್‌ನ ಎಲ್ಲ ಟಿಕ್ ತೆಗೆಯಿರಿ. ಚಾಟ್ಸ್‌ನಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಈ ನಂಬರಿಗೆ ಚಾಟ್ ಬ್ಯಾಕಪ್ ಅಗತ್ಯವೇ ಇಲ್ಲ. ಆರಂಕಿಯ ಟು ಸ್ಟೆಪ್ ಪಿನ್ ಮಾತ್ರ ಹಾಕಿಕೊಳ್ಳಲೇಬೇಕು. ಆ ನಂಬರ್ ಬೇರೆಯವರ ಕೈಗೆ ಹೋದರೆ ಇಡೀ ಊರಿನ ನಂಬಿಕೆ ಅವರ ಕೈಗೆ ಹೋದ ಹಾಗೆ.

ಒಂದು ಫೋನಿಗೆ ನಾಲ್ಕು ಸಾಧನಗಳನ್ನು ಲಿಂಕ್ ಮಾಡಬಹುದು. ಕೆಲಸ ಬಿಟ್ಟ ಹುಡುಗನ ಲ್ಯಾಪ್‌ಟಾಪ್ ಇನ್ನೂ ಆ ಪಟ್ಟಿಯಲ್ಲಿದೆಯೇ ಎಂದು ಲಿಂಕ್ಡ್ ಡಿವೈಸಸ್‌ನಲ್ಲಿ ನೋಡಿ ತೆಗೆಯಿರಿ. ಮುಖ್ಯ ಫೋನನ್ನು 14 ದಿನ ಬಳಸದಿದ್ದರೆ ಲಿಂಕ್ ತಾನಾಗಿ ಕಡಿದುಹೋಗುತ್ತದೆ. ಹಳೆಯ ಫೋನನ್ನು ಡ್ರಾಯರಿಗೆ ಹಾಕಿಟ್ಟ ಅಂಗಡಿಗಳಲ್ಲಿ ಬೆಳಗ್ಗೆ ಇದ್ದಕ್ಕಿದ್ದಂತೆ ಕ್ಯೂಆರ್ ಕೇಳುವುದು ಇದೇ ಕಾರಣಕ್ಕೆ.

ಪ್ರಿಂಟಿನ ಗುಣಮಟ್ಟದ ವಿಷಯಕ್ಕೆ ಬಂದರೆ, ಫೋಟೋ ಆಗಿ ಕಳಿಸಿದ ಅಂಕಪಟ್ಟಿಯನ್ನು ವಾಟ್ಸ್ಯಾಪ್ ಕುಗ್ಗಿಸುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. "ಪಿನ್ ಗುರುತು ಒತ್ತಿ, ಡಾಕ್ಯುಮೆಂಟ್ ಅಂತ ಕಳಿಸಿ" ಎಂದು ಕೌಂಟರಿನಲ್ಲಿ ಒಂದು ಚೀಟಿ ಅಂಟಿಸಿದರೆ ಆಯಿತು. ಪಕ್ಕದಲ್ಲೇ ಬಿಸಿನೆಸ್ ಆ್ಯಪ್ ಕೊಡುವ ಕ್ಯೂಆರ್ ಇದ್ದರೆ ಗ್ರಾಹಕರು ನಂಬರ್ ಸೇವ್ ಮಾಡಿಕೊಳ್ಳದೆಯೇ ಚಾಟ್ ತೆರೆಯಬಹುದು, ನೀವೂ ಹತ್ತು ಅಂಕಿ ಕೂಗಿ ಹೇಳಬೇಕಾಗಿಲ್ಲ.

ಅಪರಿಚಿತ ನಂಬರಿನಿಂದ ದಿನಕ್ಕೆ ಹತ್ತಾರು ಫೈಲ್ ತೆರೆಯುವುದೇ ನಿಮ್ಮ ಕಸುಬಾದ್ದರಿಂದ ಇನ್ನೊಂದು ಎಚ್ಚರಿಕೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ. ಆಗ "ಬಿಲ್.ಪಿಡಿಎಫ್" ಎಂದು ಕಂಡದ್ದು ನಿಜಕ್ಕೂ "ಬಿಲ್.ಪಿಡಿಎಫ್.ಇಎಕ್ಸ್‌ಇ", ಅಂದರೆ ಒತ್ತಿದರೆ ಓಡುವ ಪ್ರೋಗ್ರಾಂ, ಆಗಿದ್ದರೆ ಗೊತ್ತಾಗುತ್ತದೆ. ವಿಂಡೋಸ್‌ನ ವಾಟ್ಸ್ಯಾಪ್ ಆ್ಯಪ್‌ನಲ್ಲಿ ಫೈಲ್ ಚಿತ್ರದಂತೆ ತೋರಿ, ತೆರೆದಾಗ ಬೇರೆಯೇ ಓಡಬಹುದಾದ ದೋಷವೊಂದು 2025ರ ಏಪ್ರಿಲ್‌ನಲ್ಲಿ ಬಹಿರಂಗವಾಗಿತ್ತು, 2.2450.6 ಆವೃತ್ತಿಯಿಂದ ಸರಿಯಾಗಿದೆ. ಆ್ಯಪ್ ಅಪ್‌ಡೇಟ್ ಆಗಿದೆಯೇ ನೋಡಿಕೊಳ್ಳಿ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು (ಫೋನಿಗೆ ಆ್ಯಪ್ ಹಾಕುವ ಫೈಲ್) ಫೋನಿನಲ್ಲಿ ಒತ್ತಲೇಬೇಡಿ. ಪ್ರಿಂಟ್ ಆಗುವ ಯಾವ ಕಾಗದವೂ ಎಪಿಕೆ ಆಗಿ ಬರುವುದಿಲ್ಲ.

ಕ್ವಿಕ್ ಶೇರ್

ಮೊದಲು ನಿಯರ್‌ಬೈ ಶೇರ್ ಎನ್ನುತ್ತಿದ್ದುದು 2024ರ ಜನವರಿಯಿಂದ ಸ್ಯಾಮ್‌ಸಂಗ್‌ನದರ ಜೊತೆ ಸೇರಿ ಕ್ವಿಕ್ ಶೇರ್ ಆಯಿತು. ಗೂಗಲ್ ಕೊಡುವ ವಿಂಡೋಸ್ ಆವೃತ್ತಿಯನ್ನು ಕಂಪ್ಯೂಟರಿಗೆ ಹಾಕಿದರೆ ಸಾಕು. ಗ್ರಾಹಕರ ಆಂಡ್ರಾಯ್ಡ್ ಫೋನಿನಲ್ಲಿ ಅದು ಮೊದಲೇ ಇರುತ್ತದೆ. ಫೈಲ್ ಆರಿಸಿ, ಶೇರ್ ಒತ್ತಿ, ಅಂಗಡಿಯ ಕಂಪ್ಯೂಟರಿನ ಹೆಸರು ಮುಟ್ಟಿದರೆ ಈ ಕಡೆ ಒಪ್ಪಿಗೆ ಕೇಳುತ್ತದೆ.

ಇದರ ದೊಡ್ಡ ಗುಣ ಎಂದರೆ ನಂಬರ್ ಯಾರಿಂದ ಯಾರಿಗೂ ಹೋಗುವುದಿಲ್ಲ. ಒಬ್ಬ ಹುಡುಗಿ ಹಾಲ್ ಟಿಕೆಟ್ ಪ್ರಿಂಟ್‌ಗೆಂದು ಬಂದು ತನ್ನ ವಾಟ್ಸ್ಯಾಪ್ ನಂಬರನ್ನು ಅಂಗಡಿಯಲ್ಲಿ ಬಿಟ್ಟುಹೋಗುವ ಪ್ರಮೇಯವೇ ಇಲ್ಲ. ಚಾಟ್ ಇಲ್ಲ, ಮೊಬೈಲ್ ಪ್ರತಿ ಇಲ್ಲ, ಬ್ಯಾಕಪ್ ಇಲ್ಲ. ಉಳಿಯುವುದು ಡೌನ್‌ಲೋಡ್ಸ್‌ನಲ್ಲಿರುವ ಒಂದೇ ಪ್ರತಿ. ಫೋಟೋ ಕುಗ್ಗುವುದೂ ಇಲ್ಲ.

ತೊಂದರೆಗಳಿವೆ. ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತ್ ಬಹಳ ಸಲ ಇರುವುದಿಲ್ಲ, ಯುಎಸ್‌ಬಿ ಡಾಂಗಲ್ ತರಬೇಕು. ಕಂಪ್ಯೂಟರ್ ಪಟ್ಟಿಯಲ್ಲಿ ಕಾಣುತ್ತಿಲ್ಲ ಎಂದರೆ ಗ್ರಾಹಕರ ಫೋನಿನಲ್ಲಿ ಬ್ಲೂಟೂತ್ ಇಲ್ಲವೇ ವೈಫೈ ಆಫ್ ಆಗಿದೆಯೇ ಎಂದು ಮೊದಲು ನೋಡಿ, ಎರಡೂ ಬೇಕು. ಕಂಪ್ಯೂಟರಿನಲ್ಲಿ ಎಲ್ಲರಿಂದ ಸ್ವೀಕರಿಸು ಎಂಬ ಆಯ್ಕೆ ಇಡದೆ ಅಪರಿಚಿತರ ಫೈಲ್ ಬರುವುದಿಲ್ಲ. ಹಾಗೆಂದು ರಾತ್ರಿಯೂ ಅದೇ ಸ್ಥಿತಿಯಲ್ಲಿ ಬಿಡಬಾರದು. ಕಂಪ್ಯೂಟರಿಗೆ ಅಂಗಡಿಯ ಹೆಸರನ್ನೇ ಇಡಿ. ಪಕ್ಕದ ಅಂಗಡಿಯಲ್ಲೂ "ಡೆಸ್ಕ್‌ಟಾಪ್" ಎಂದೇ ಇದ್ದರೆ ಗ್ರಾಹಕರ ಪ್ಯಾನ್ ಕಾರ್ಡ್ ಗೋಡೆಯಾಚೆ ಹೋದೀತು. ಈ ತಂತ್ರಾಂಶದಲ್ಲೂ ಗಂಭೀರ ದೋಷಗಳಿದ್ದುದನ್ನು ಸಂಶೋಧಕರು 2024ರ ಆಗಸ್ಟ್‌ನಲ್ಲಿ ಹೊರಗೆಡವಿದ್ದರು, ಪೂರ್ತಿ ಸರಿಯಾದದ್ದು 1.0.2002.2 ಆವೃತ್ತಿಯಲ್ಲಿ. ಹಳೆಯದನ್ನು ಇಟ್ಟುಕೊಂಡಿದ್ದರೆ ತೆಗೆದು ಹೊಸದಾಗಿ ಹಾಕಿ. ಐಫೋನಿನವರಿಗೆ ಈ ದಾರಿ ಹಿಡಿಸಲು ಹೋಗಿ ಸಮಯ ಕಳೆಯಬೇಡಿ, ವಾಟ್ಸ್ಯಾಪ್ ಇದೆಯಲ್ಲ.

ಮೇಲ್

ಜಿಮೇಲ್‌ನಲ್ಲಿ 25 ಎಂಬಿ ವರೆಗೆ ಲಗತ್ತಿಸಬಹುದು. ಅದಕ್ಕಿಂತ ದೊಡ್ಡದು ಡ್ರೈವ್ ಲಿಂಕ್ ಆಗಿಬಿಡುತ್ತದೆ, ಆಗ ಅನುಮತಿ ಕೊಟ್ಟಿಲ್ಲ ಎಂದು ಗ್ರಾಹಕರಿಗೆ ಫೋನ್ ಮಾಡುತ್ತಾ ಕೂರಬೇಕು. ಇಎಕ್ಸ್‌ಇ, ಎಪಿಕೆ, ಸ್ಕ್ರಿಪ್ಟ್ ಫೈಲ್‌ಗಳನ್ನು ಜಿಮೇಲ್ ತಾನೇ ತಡೆಯುತ್ತದೆ, ಜಿಪ್ ಒಳಗಿದ್ದರೂ. ಈ ಒಂದು ವಿಷಯದಲ್ಲಿ ಎಲ್ಲಕ್ಕಿಂತ ಸುರಕ್ಷಿತ. ವಿಳಾಸ ಹೇಳುವಾಗ "ನಡುವೆ ಚುಕ್ಕಿ ಇದೆಯಾ ಸಾರ್?" ಎಂಬ ಗೊಂದಲ ಬೇಡ, ಜಿಮೇಲ್ ವಿಳಾಸದ ಹೆಸರಿನ ಭಾಗದಲ್ಲಿ ಚುಕ್ಕಿ ಲೆಕ್ಕಕ್ಕಿಲ್ಲ.

ಆದರೆ ಇನ್‌ಬಾಕ್ಸ್ ತಾನಾಗಿ ಖಾಲಿಯಾಗುವುದಿಲ್ಲ. ಐದು ವರ್ಷದ ಅಂಗಡಿಯ ಮೇಲ್‌ನಲ್ಲಿ "ಆಧಾರ್" ಎಂದು ಹುಡುಕಿ ನೋಡಿ, ಗಾಬರಿಯಾಗುತ್ತದೆ. ಅಳಿಸಿದ್ದೂ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಅದನ್ನೂ ಖಾಲಿ ಮಾಡಬೇಕು. ಗ್ರಾಹಕರು ತಮ್ಮದೇ ಮೇಲ್ ನಿಮ್ಮ ಕಂಪ್ಯೂಟರಿನಲ್ಲಿ ತೆರೆಯುತ್ತೇವೆ ಎಂದರೆ ಕ್ರೋಮ್‌ನ ಗೆಸ್ಟ್ ಕಿಟಕಿಯಲ್ಲಿ ಮಾತ್ರ ಬಿಡಿ. ಮುಚ್ಚಿದ ಕೂಡಲೇ ಅಲ್ಲಿನ ಲಾಗಿನ್ ಹೋಗುತ್ತದೆ, ಪಾಸ್‌ವರ್ಡ್ ನಿಮ್ಮ ಪ್ರೊಫೈಲಿನಲ್ಲಿ ಸೇವ್ ಆಗುವ ಅಪಾಯವಿಲ್ಲ. ಇಳಿಸಿದ ಫೈಲ್ ಮಾತ್ರ ಗೆಸ್ಟ್‌ನಲ್ಲೂ ಡೌನ್‌ಲೋಡ್ಸ್‌ನಲ್ಲೇ ಉಳಿಯುತ್ತದೆ.

ಕನ್ನಡ ಪ್ರಾಜೆಕ್ಟ್ ರಿಪೋರ್ಟ್ ಆದರೆ ವರ್ಡ್ ಫೈಲ್ ಬೇಡ, ಪಿಡಿಎಫ್ ಕೇಳಿ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತದೆ.

ಕೇಬಲ್, ಪೆನ್‌ಡ್ರೈವ್

ಕೇಬಲ್ ಹಾಕಿ ಫೈಲ್ ಟ್ರಾನ್ಸ್‌ಫರ್ ಒತ್ತಿದರೆ ಆಂಡ್ರಾಯ್ಡ್ ಫೋನಿನ ಇಡೀ ಗ್ಯಾಲರಿ ನಿಮ್ಮ ಪರದೆಯ ಮೇಲೆ ಹರಡಿಕೊಳ್ಳುತ್ತದೆ. ಗ್ರಾಹಕರಿಗೆ ಮುಜುಗರ, ನಿಮಗೂ ಬೇಡದ ಹೊಣೆ. ಫೋನಿನಿಂದ ನೇರವಾಗಿ ತೆರೆದೆ, ಕಾಪಿ ಮಾಡಿಲ್ಲ ಎಂದುಕೊಂಡರೂ ವಿಂಡೋಸ್ ಟೆಂಪ್ ಫೋಲ್ಡರಿನಲ್ಲಿ ಒಂದು ಪ್ರತಿ ಮಾಡಿಟ್ಟುಕೊಂಡೇ ತೆರೆಯುವುದು. ಐಫೋನ್ ಆದರೆ ಫೋಟೋಗಳಷ್ಟೇ ಕಾಣುತ್ತವೆ, ಪಿಡಿಎಫ್ ಕಾಣುವುದಿಲ್ಲ.

ಪೆನ್‌ಡ್ರೈವ್‌ನ ಫೈಲನ್ನು ಅಲ್ಲಿಂದಲೇ ತೆರೆದು ಪ್ರಿಂಟ್ ಕೊಟ್ಟರೆ ಕಂಪ್ಯೂಟರಿನಲ್ಲಿ ಉಳಿಯುವುದು ತೀರಾ ಕಡಿಮೆ. ಈ ಅಳತೆಯೊಂದರಲ್ಲೇ ನೋಡಿದರೆ ಅದಕ್ಕೆ ಮೊದಲ ಸ್ಥಾನ ಸಿಗಬೇಕಿತ್ತು. ಕೆಳಗಿಳಿಸಿದ್ದು ಶಾರ್ಟ್‌ಕಟ್ ವೈರಸ್. ಫೋಲ್ಡರುಗಳನ್ನೆಲ್ಲ ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಒತ್ತಿದರೆ ಮೊದಲು ವೈರಸ್ ಓಡಿ ಆಮೇಲೆ ಫೋಲ್ಡರ್ ತೆರೆಯುವುದರಿಂದ ಅನುಮಾನವೇ ಬರುವುದಿಲ್ಲ. ಆಮೇಲೆ ನಿಮ್ಮ ಕಂಪ್ಯೂಟರಿಗೆ ಚುಚ್ಚಿದ ಪ್ರತಿ ಪೆನ್‌ಡ್ರೈವ್‌ಗೂ ಅಂಟಿ, ಊರಿಗೆಲ್ಲ ನೀವೇ ಹಂಚಿದಂತಾಗುತ್ತದೆ. ಆಟೋಪ್ಲೇ ಆಫ್ ಇಡಿ. ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಸ್ಕ್ಯಾನ್ ಕೊಟ್ಟು ಆಮೇಲೆ ತೆರೆಯಿರಿ. ಫೋಲ್ಡರಿನ ಮೂಲೆಯಲ್ಲಿ ಬಾಣದ ಗುರುತು ಕಂಡರೆ ಒತ್ತದೆ, ವಾಪಸ್ ಕೊಟ್ಟು ಫೋನಿನಿಂದ ಕಳಿಸಲು ಹೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಿತ ಅಪ್‌ಡೇಟ್‌ಗೆ ಸೇರಿಸದ ಹಳೆಯ ಯಂತ್ರಕ್ಕಂತೂ ಪರರ ಪೆನ್‌ಡ್ರೈವ್ ಬೇಡವೇ ಬೇಡ.

ದಾರಿ ಯಾವುದಾದರೂ ಕಂಪ್ಯೂಟರಿನಲ್ಲಿ ಮಾಡಬೇಕಾದ್ದು

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಸ್ಟೋರೇಜ್ ಸೆನ್ಸ್. ಆನ್ ಮಾಡಿ, ಅದು ದಿನವೂ ಓಡುವಂತೆ "ಎವ್ರಿ ಡೇ" ಆರಿಸಿ, ರೀಸೈಕಲ್ ಬಿನ್ ಮತ್ತು ಡೌನ್‌ಲೋಡ್ಸ್ ಎರಡಕ್ಕೂ 1 ದಿನ ಇಡಿ. ಡೌನ್‌ಲೋಡ್ಸ್‌ಗೆ ಅದು ಮೊದಲಿಗೆ "ನೆವರ್" ಎಂದಿರುತ್ತದೆ, ಬದಲಿಸದಿದ್ದರೆ ಆನ್ ಮಾಡಿಯೂ ಪ್ರಯೋಜನವಿಲ್ಲ. ಪ್ರಿಂಟರ್ ಡ್ರೈವರ್, ಅಂಗಡಿಯ ಬಿಲ್ಲುಗಳನ್ನು ಡೌನ್‌ಲೋಡ್ಸ್‌ನಲ್ಲೇ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಮೊದಲು ಅವನ್ನು ಬೇರೆಡೆ ಸಾಗಿಸಿ, ಇಲ್ಲದಿದ್ದರೆ ಅವೂ ಹೋಗುತ್ತವೆ.

ಡೆಸ್ಕ್‌ಟಾಪ್ ಮೇಲೆ ಗ್ರಾಹಕರ ಫೈಲ್ ಇಡುವ ರೂಢಿ ಬಿಡಿ. ಒನ್‌ಡ್ರೈವ್ ಬ್ಯಾಕಪ್ ಆನ್ ಇದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಮೈಕ್ರೋಸಾಫ್ಟ್ ಖಾತೆಗೆ ಏರುತ್ತವೆ. ಉಚಿತ 5 ಜಿಬಿ ತುಂಬಿತು ಎಂಬ ಸಂದೇಶ ಬಂದಾಗಲೇ ಎಷ್ಟೋ ಅಂಗಡಿಗಳಿಗೆ ಈ ವಿಷಯ ಗೊತ್ತಾಗುವುದು. ಡೌನ್‌ಲೋಡ್ಸ್ ಆ ಮೂರರಲ್ಲಿ ಸೇರಿಲ್ಲ.

ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಫೈಲಿನ ಹೆಸರಿನಲ್ಲಿ ಗ್ರಾಹಕರ ಹೆಸರಿದ್ದರೆ ಅರ್ಧ ಪಾಸ್‌ವರ್ಡ್ ಹೊರಗೇ ಇದ್ದಂತೆ, ಆದ್ದರಿಂದ ಪಾಸ್‌ವರ್ಡ್ ಇದೆಯಲ್ಲ ಎಂದು ಫೈಲ್ ಉಳಿಸಿಕೊಳ್ಳುವುದು ಸಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ಎಂದು ಗ್ರಾಹಕರನ್ನು ಒಮ್ಮೆ ಕೇಳಿ. ಹೋಟೆಲ್ ಕೋಣೆಗೆಲ್ಲ ಅದು ಸಾಕು.

ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ "ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್" ಟಿಕ್ ಇದ್ದರೆ ತೆಗೆಯಿರಿ. ಅದು ಇರುವವರೆಗೆ ಪ್ರಿಂಟ್ ಆದ ಕೆಲಸಗಳು ಪ್ರಿಂಟ್ ಸರದಿಯ ಸ್ಪೂಲ್ ಫೋಲ್ಡರಿನಲ್ಲೇ ಉಳಿಯುತ್ತವೆ. ಹಳೆಯ ಕಂಪ್ಯೂಟರ್ ಮಾರುವಾಗ ಬರೀ ಫಾರ್ಮ್ಯಾಟ್ ಮಾಡಿದರೆ ಹಾರ್ಡ್‌ಡಿಸ್ಕಿನಿಂದ ಫೈಲ್ ಮರಳಿ ತೆಗೆಯಬಹುದು. ರೀಸೆಟ್‌ನಲ್ಲಿ ರಿಮೂವ್ ಎವೆರಿಥಿಂಗ್ ಆರಿಸಿ, ಚೇಂಜ್ ಸೆಟ್ಟಿಂಗ್ಸ್ ಒತ್ತಿ ಕ್ಲೀನ್ ಡೇಟಾ ಆನ್ ಮಾಡಿ. ಹಳೆಯ ಹಾರ್ಡ್‌ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಅಂಗಡಿ ಮುಚ್ಚುವ ಹೊತ್ತಿಗೆ ಹಚ್ಚಿ ಹೋಗಿ.