ವಾಚ್ ಹೇಳಿದ ಕ್ಯಾಲೊರಿ ನಂಬಿ ಇನ್ನೊಂದು ದೋಸೆ ಹಾಕಿಸಿಕೊಳ್ಳಬೇಡಿ

ನನ್ನ ಸ್ಮಾರ್ಟ್ ವಾಚ್‌ಗೆ ಮೊದಲೇ ಸ್ಟಾರ್ ಕೊಟ್ಟುಬಿಡುತ್ತೇನೆ. ಹೆಜ್ಜೆ ಎಣಿಸೋದಕ್ಕೆ ನಾಲ್ಕು. ನಾಡಿಬಡಿತಕ್ಕೆ ನಾಲ್ಕು. ನಿದ್ದೆ ಲೆಕ್ಕಕ್ಕೆ ಮೂರು. ಕ್ಯಾಲೊರಿಗೆ ಒಂದು.

ನಾನು ಮೈಸೂರಿನಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ವಯಸ್ಸು 44, ತೂಕ 64 ಕಿಲೋ, ಎತ್ತರ 158 ಸೆಂ.ಮೀ. ಇದನ್ನೆಲ್ಲ ಯಾಕೆ ಬಿಚ್ಚಿಡುತ್ತಿದ್ದೇನೆ ಅಂದರೆ, ಮುಂದೆ ಬರುವ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ. ಮೊದಲು ಎರಡೂವರೆ ಸಾವಿರದ ಒಂದು ಬ್ಯಾಂಡ್ ಕಟ್ಟುತ್ತಿದ್ದೆ. ಆಮೇಲೆ ತಮ್ಮ ಇಪ್ಪತ್ತು ಸಾವಿರದ ವಾಚ್ ತಂದುಕೊಟ್ಟ. ಹಳೇ ಬ್ಯಾಂಡ್ ಈಗ ನಮ್ಮನೆಯವರ ಕೈಯಲ್ಲಿದೆ. ಬೇಕಾದಾಗ ಅದನ್ನು ಕಿತ್ತುಕೊಂಡು ಒಂದೊಂದು ಕೈಗೆ ಒಂದೊಂದು ಕಟ್ಟಿಕೊಂಡು ಹೋಲಿಸಿ ನೋಡುತ್ತೇನೆ. ಸ್ಟಾಫ್ ರೂಮಿನಲ್ಲಿ ನಗುತ್ತಾರೆ, ನಗಲಿ ಬಿಡಿ. ಕಂಪನಿ ಹೆಸರು ಹಾಕುತ್ತಿಲ್ಲ. ಈ ಕ್ಯಾಲೊರಿ ಸಮಸ್ಯೆ ಒಂದು ಕಂಪನಿಯದಲ್ಲ.

ನೀವೂ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ದಿನದ ಒಟ್ಟು ಕ್ಯಾಲೊರಿ ತೋರಿಸುವ ವಾಚ್ ಆದರೆ, ರಾತ್ರಿ ಬಿಚ್ಚಿ ಮೇಜಿನ ಮೇಲಿಟ್ಟು ಮಲಗಿ. ಬೆಳಿಗ್ಗೆ ಎದ್ದು ನೋಡಿ. ಅಂಕಿ ಏರಿರುತ್ತದೆ. ನನ್ನ ವಾಚ್ ಮೇಜಿನ ಮೇಲೆ ಒಬ್ಬಂಟಿಯಾಗಿ ಕೂತು, ಎಂಟು ಗಂಟೆಯಲ್ಲಿ ಸುಮಾರು 420 ಕ್ಯಾಲೊರಿ "ಸುಟ್ಟಿತ್ತು". ಮಾರನೇ ರಾತ್ರಿ ಆ್ಯಪ್‌ನಲ್ಲಿ ನನ್ನ ತೂಕ 74 ಕಿಲೋ ಅಂತ ತಿದ್ದಿ ಮತ್ತೆ ಮೇಜಿನ ಮೇಲಿಟ್ಟೆ. ಮೂವತ್ತು ಜಾಸ್ತಿ ಬಂತು. ಕೈಯೂ ಇಲ್ಲ, ನಾಡಿಯೂ ಇಲ್ಲ, ಆದರೂ ಕ್ಯಾಲೊರಿ ಲೆಕ್ಕ ಮಾತ್ರ ಓಡುತ್ತಿದೆ.

ಇದರಲ್ಲಿ ಮೋಸ ಏನೂ ಇಲ್ಲ. ನಾವು ಸುಮ್ನೆ ಮಲಗಿದ್ದರೂ ಹೃದಯ, ಮೆದುಳು, ಲಿವರ್, ಕಿಡ್ನಿ ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕೆ ಖರ್ಚಾಗೋದನ್ನು ಬಿಎಂಆರ್ ಅಂತಾರೆ. ಹೆಚ್ಚಿನವರಿಗೆ ದಿನದ ಖರ್ಚಿನಲ್ಲಿ ಶೇಕಡಾ 60ರಿಂದ 70 ಇದೇ. ವಾಚ್‌ಗೆ ಇದನ್ನು ಅಳೆಯೋಕೆ ಬರೋದಿಲ್ಲ. ನೀವು ಮೊದಲ ದಿನ ತುಂಬಿದ ವಯಸ್ಸು, ತೂಕ, ಎತ್ತರ, ಹೆಣ್ಣೋ ಗಂಡೋ ಅನ್ನೋದನ್ನು ಒಂದು ಸೂತ್ರಕ್ಕೆ ಹಾಕಿ ಬಂದ ಉತ್ತರವನ್ನು ನಿಮಿಷ ನಿಮಿಷಕ್ಕೆ ಹಂಚುತ್ತಾ ಹೋಗುತ್ತದೆ. ಬೀಗ ಹಾಕಿದ ಮನೆಗೆ ಮೀಟರ್ ನೋಡದೇ ಸರಾಸರಿ ಕರೆಂಟ್ ಬಿಲ್ ಬರೆದು ಗೇಟಿಗೆ ಸಿಕ್ಕಿಸಿ ಹೋಗುತ್ತಾರಲ್ಲ, ಹಾಗೆ.

ಯಾವ ಸೂತ್ರ ಬಳಸುತ್ತೇವೆ ಅಂತ ಕಂಪನಿಗಳು ಸಾಮಾನ್ಯವಾಗಿ ಪೂರ್ತಿ ಬಾಯಿ ಬಿಡೋದಿಲ್ಲ. ಡಯಟಿಷಿಯನ್‌ಗಳು ಜಾಸ್ತಿ ಬಳಸೋದು 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ಹೆಂಗಸರಿಗಾದರೆ ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದರಷ್ಟು ಕಳೆದು, ಇನ್ನೂ 161 ಕಳೆಯಬೇಕು. ಗಂಡಸರಿಗೆ ಕೊನೆಯಲ್ಲಿ 161 ಕಳೆಯೋ ಬದಲು 5 ಕೂಡಿಸಬೇಕು. ನನಗೆ 1,246 ಬರುತ್ತದೆ. ಎಂಟು ಗಂಟೆಗೆ 415. ಮೇಜಿನ ಮೇಲಿನ ವಾಚ್ ತೋರಿಸಿದ್ದು ಬಹುತೇಕ ಅಷ್ಟೇ. ಹತ್ತು ಕಿಲೋ ಜಾಸ್ತಿ ಮಾಡಿದರೆ ಸೂತ್ರದ ಪ್ರಕಾರ ದಿನಕ್ಕೆ 100, ಅಂದರೆ ಎಂಟು ಗಂಟೆಗೆ 33. ಅದೂ ಸರಿಹೋಯಿತು.

ನಮಗೆ ತೊಂದರೆ ಶುರುವಾಗೋದು ಇಲ್ಲೇ. ಈ ಸೂತ್ರ ಹುಟ್ಟಿದ್ದು ಅಮೆರಿಕದವರನ್ನು ಅಳೆದು. ಪಶ್ಚಿಮದ ಸೂತ್ರಗಳು ನಮ್ಮವರ ಬಿಎಂಆರ್ ಅನ್ನು ಜಾಸ್ತಿ ತೋರಿಸುತ್ತವೆ ಅನ್ನೋದು ಹೊಸ ಸುದ್ದಿಯೇನಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ 1990ರ ದಶಕದಲ್ಲೇ ಇದರ ಮೇಲೆ ಕೆಲಸ ನಡೆದು, ಭಾರತೀಯ ಗಂಡಸರಿಗೆ ಅಂತಲೇ ಬೇರೆ ಸೂತ್ರ ಮಾಡಿದ್ದರು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೂಡ ನಮ್ಮ ಆಹಾರದ ಅಗತ್ಯ ಲೆಕ್ಕ ಹಾಕುವಾಗ ಅಂತಾರಾಷ್ಟ್ರೀಯ ಸೂತ್ರದ ಅಂಕಿಯನ್ನು ಸ್ವಲ್ಪ ಇಳಿಸಿಯೇ ತೆಗೆದುಕೊಳ್ಳುತ್ತದೆ. ಅದೇ ತೂಕ, ಅದೇ ಎತ್ತರದಲ್ಲಿ ನಮ್ಮಲ್ಲಿ ಸ್ನಾಯು ಕಮ್ಮಿ, ಕೊಬ್ಬು ಜಾಸ್ತಿ ಇರೋದು ಇದಕ್ಕೆ ಒಂದು ಮುಖ್ಯ ಕಾರಣ. ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದರೂ ನನ್ನ ವಾಚ್‌ನಲ್ಲಿ ಇದನ್ನು ಹೇಳೋಕೆ ಜಾಗವಿಲ್ಲ. ಜಿಮ್ಮಿನಲ್ಲಿ ಮೈ ಹುರಿಗಟ್ಟಿಸಿಕೊಂಡ 64 ಕಿಲೋದವಳೂ ನಾನೂ ಅದಕ್ಕೆ ಒಂದೇ.

ಇನ್ನು ಓಡಾಟದ ಲೆಕ್ಕ. ಇದಕ್ಕೆ ವಾಚ್ ಎರಡು ವಿಷಯ ನೋಡುತ್ತದೆ. ಕೈಯ ಅಲುಗಾಟ ಒಂದು. ಕೆಳಗಿನ ಹಸಿರು ದೀಪದಿಂದ ಸಿಗುವ ನಾಡಿಬಡಿತ ಇನ್ನೊಂದು. ಎರಡೂ ಎಲ್ಲೆಲ್ಲಿ ಎಡವುತ್ತವೆ ಅಂತ ನಮ್ಮ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ನಿಂತಲ್ಲೇ ನಿಂತು ಚಪಾತಿ ಹಿಟ್ಟು ನಾದಿದರೆ ಹೆಜ್ಜೆ ಏರುತ್ತದೆ. ತೆಂಗಿನಕಾಯಿ ತುರಿದರೂ ಅಷ್ಟೆ. ನಾನು ಬಲಗೈಗೆ ಕಟ್ಟಿ ಬೋರ್ಡ್ ಮೇಲೆ ಬರೆದರೆ ಕ್ಲಾಸಿನಲ್ಲೇ ವಾಕಿಂಗ್ ಆಗಿರುತ್ತದೆ. ಹಳ್ಳ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೂ ಹಳೇ ಬ್ಯಾಂಡ್‌ನಲ್ಲಿ ಹೆಜ್ಜೆ ಬೀಳುತ್ತಿತ್ತು. ಹೊಸ ವಾಚ್ ಈ ವಿಷಯದಲ್ಲಿ ಜಾಣ. ಉಲ್ಟಾ ಕೂಡ ಇದೆ. ದೇವರಾಜ ಮಾರ್ಕೆಟ್‌ನಿಂದ ಎರಡು ಕೈಯಲ್ಲೂ ಭಾರದ ತರಕಾರಿ ಚೀಲ ಹಿಡಿದು ಬಂದರೆ ಕೈ ಬೀಸೋದೇ ಇಲ್ಲ. ನಿಜವಾಗಿ ಜಾಸ್ತಿ ಶ್ರಮ ಆದಾಗಲೇ ಹೆಜ್ಜೆ ಕಮ್ಮಿ.

ನಾಡಿ ಹೇಗೆ ಸಿಗುತ್ತದೆ ಅಂದರೆ, ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ವಾಪಸ್ ಬರುವ ಬೆಳಕು ಏರಿಳಿಯುತ್ತದೆ. ಸ್ಟ್ರಾಪ್ ಸಡಿಲವಿದ್ದರೆ ಕೆಡುತ್ತದೆ. ಬಳೆ ಹಾಕಿಕೊಂಡರೆ ಅದು ವಾಚನ್ನು ಮುಂಗೈ ಮೂಳೆಯ ಮೇಲಕ್ಕೆ ತಳ್ಳುತ್ತದೆ, ಆಗಂತೂ ನಾಡಿ ಎಲ್ಲೆಲ್ಲೋ ಹೋಗುತ್ತದೆ. ಹಬ್ಬದ ದಿನ ಬಿಚ್ಚಿಡೋದೇ ವಾಸಿ. ಸರಿಯಾಗಿ ಕಟ್ಟಿದರೆ ನಾಡಿ ಚೆನ್ನಾಗಿಯೇ ಸಿಗುತ್ತದೆ, ಆ ನಾಲ್ಕು ಸ್ಟಾರ್ ಸುಮ್ನೆ ಕೊಟ್ಟಿದ್ದಲ್ಲ. ಆದರೆ ನಾಡಿ ಸರಿಯಿದ್ದ ಮಾತ್ರಕ್ಕೆ ಕ್ಯಾಲೊರಿ ಸರಿಯಾಗೋದಿಲ್ಲ. ಒಂದೇ ಸಮನೆ ನಡೆಯುವಾಗ, ಓಡುವಾಗ ನಾಡಿಗೂ ಆಮ್ಲಜನಕದ ಬಳಕೆಗೂ ತಕ್ಕಮಟ್ಟಿಗೆ ತಾಳೆ ಇರುತ್ತದೆ. ಉಳಿದ ಹೊತ್ತಿನಲ್ಲಿ? ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದರೆ ನಾಡಿ ಏರಬಹುದು. ಏಪ್ರಿಲ್ ಬಿಸಿಲಿಗೆ ಏರುತ್ತದೆ. ಎಂಟನೇ ಕ್ಲಾಸ್ ಬಿ ಸೆಕ್ಷನ್‌ಗೆ ಕಾಲಿಟ್ಟರೆ ನನಗಂತೂ ಏರುತ್ತದೆ. ಅದಕ್ಕೆಲ್ಲ ಕೊಬ್ಬು ಕರಗುವುದಿದ್ದರೆ ಇಷ್ಟು ಹೊತ್ತಿಗೆ ನಾನು ಕಡ್ಡಿ ಆಗಿರಬೇಕಿತ್ತು. ಇನ್ನು ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಎಷ್ಟು ಬೆವರು ಸುರಿಸಿದರೂ ನಾಡಿ ಅಷ್ಟಾಗಿ ಏರೋದಿಲ್ಲ. ಅವರ ಲೆಕ್ಕ ಬೇರೆಯೇ ಕಥೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಾಣುತ್ತದೆ. ಆ್ಯಪಲ್ ವಾಚ್, ಫಿಟ್‌ಬಿಟ್ ಸರ್ಜ್, ಸ್ಯಾಮ್‌ಸಂಗ್ ಗೇರ್ ಎಸ್2 ಸೇರಿ ಏಳು ಸಾಧನಗಳನ್ನು 60 ಜನರ ಕೈಗೆ ಕಟ್ಟಿ ನಡೆಸಿದರು, ಓಡಿಸಿದರು, ಸೈಕಲ್ ತುಳಿಸಿದರು. ಜೊತೆಗೆ ಉಸಿರಿನ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಅಳೆದು ನಿಜವಾದ ಖರ್ಚು ತೆಗೆದರು. ಏಳರಲ್ಲಿ ಆರು ಸಾಧನಗಳಲ್ಲಿ ನಾಡಿಬಡಿತದ ವ್ಯತ್ಯಾಸ ಶೇಕಡಾ 5ರೊಳಗೆ. ಕ್ಯಾಲೊರಿಯಲ್ಲಿ? ಎಲ್ಲಕ್ಕಿಂತ ಚೆನ್ನಾಗಿದ್ದುದೇ ಸರಾಸರಿ ಶೇಕಡಾ 27 ತಪ್ಪು. ಎಲ್ಲಕ್ಕಿಂತ ಕೆಟ್ಟದ್ದು 93. ಆ ಮಾಡೆಲ್‌ಗಳೆಲ್ಲ ಈಗ ಹಳೆಯವು, ನಿಜ. ಆದರೆ ಕೈಗೆ ಕಟ್ಟುವ ವಾಚ್‌ಗೆ ಉಸಿರು ಅಳೆಯೋಕೆ ಈಗಲೂ ಆಗೋದಿಲ್ಲ, ಅಲ್ವಾ?

ನನ್ನ ಹತ್ತಿರ ಉಸಿರು ಅಳೆಯುವ ಮೆಷಿನ್ ಇಲ್ಲ. ಚಾಮುಂಡಿ ಬೆಟ್ಟ ಇದೆ. ಮೆಟ್ಟಿಲು ಹತ್ತೋದು ನನಗೆ ಮೊದಲಿಂದಲೂ ರೂಢಿ. ಒಂದು ಭಾನುವಾರ ಎರಡೂ ಕೈಗೆ ಕಟ್ಟಿಕೊಂಡು ಹೊರಟೆ. ಪಾದದಿಂದ ಮೇಲಕ್ಕೆ ಸಾವಿರದಷ್ಟು ಮೆಟ್ಟಿಲು. ಸುಮಾರು 250 ಮೀಟರ್ ಎತ್ತರ ಏರುತ್ತೇವೆ ಅಂತ ಇಟ್ಟುಕೊಳ್ಳೋಣ. 64 ಕಿಲೋವನ್ನು ಅಷ್ಟು ಎತ್ತರಕ್ಕೆ ಎತ್ತೋದಕ್ಕೆ ಬೇಕಾದ ಕೆಲಸ ಸುಮಾರು 1,57,000 ಜೂಲ್, ಅಂದರೆ 37 ಕಿಲೋಕ್ಯಾಲೊರಿ (ವಾಚ್‌ನಲ್ಲಿ, ಊಟದ ಲೆಕ್ಕದಲ್ಲಿ ನಾವು ಕ್ಯಾಲೊರಿ ಅನ್ನೋದು ಇದನ್ನೇ). ಅಷ್ಟೇನಾ ಅಂತ ಹೌಹಾರಬೇಡಿ. ನಮ್ಮ ಸ್ನಾಯು ಖರ್ಚು ಮಾಡಿದ್ದರಲ್ಲಿ ಕಾಲು ಭಾಗ ಮಾತ್ರ ಕೆಲಸವಾಗುತ್ತದೆ, ಉಳಿದಿದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ನಾಲ್ಕರಿಂದ ಗುಣಿಸಿ, 150. ಮುಕ್ಕಾಲು ಗಂಟೆಯ ಬಿಎಂಆರ್ 40 ಸೇರಿಸಿ. ಸಮತಟ್ಟಾದ ಕಡೆ ನಡೆದಿದ್ದಕ್ಕೆ ಇನ್ನೊಂದಿಷ್ಟು ಸೇರಿಸಿ. ಹೆಚ್ಚೆಂದರೆ 220 ಅನ್ನಿ. ಬ್ಯಾಂಡ್ ತೋರಿಸಿದ್ದು 340. ವಾಚ್ 290. ಮಧ್ಯೆ ನಂದಿ ಹತ್ತಿರ ಕೂತು ಮಜ್ಜಿಗೆ ಕುಡಿದೆವು, ಆಗಲೂ ನಾಡಿ ಇಳಿದಿರಲಿಲ್ಲ, ಎರಡೂ ಎಣಿಸುತ್ತಲೇ ಇದ್ದವು. ಪಕ್ಕದಲ್ಲಿ ಒಬ್ಬ ಅಮ್ಮ ಹರಕೆಗೆ ಅಂತ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ನಮ್ಮೆಲ್ಲರಿಗಿಂತ ಹೆಚ್ಚು ಕೆಲಸ ಅವರದ್ದು. ಅವರ ಕೈಗೆ ಇದನ್ನು ಕಟ್ಟಿದ್ದರೆ ಏನು ತೋರಿಸುತ್ತಿತ್ತೋ ಅನ್ನೋ ಕುತೂಹಲ ನನಗೆ ಇನ್ನೂ ಹೋಗಿಲ್ಲ.

ಬೆಟ್ಟದ ಲೆಕ್ಕ ಬರೀ ಅಂದಾಜು, ಒಪ್ಪುತ್ತೇನೆ. ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಅಡುಗೆಮನೆಯ ತಕ್ಕಡಿ. ತಿಂದಿದ್ದನ್ನೆಲ್ಲ ತೂಕ ಮಾಡಿ ಬರೆಯಬೇಕು, ವಾರದ ಸರಾಸರಿ ತೂಕ ನೋಡುತ್ತಿರಬೇಕು. ತೂಕ ತಿಂಗಳುಗಟ್ಟಲೆ ಅಲ್ಲಾಡದಿದ್ದರೆ ತಿಂದಷ್ಟೇ ಖರ್ಚಾಗಿದೆ ಅಂತ ಅರ್ಥ. ಇದರಲ್ಲಿ ಎಲ್ಲರೂ ಎಡವೋದು ಎಣ್ಣೆಯಲ್ಲಿ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ. ಒಗ್ಗರಣೆಗೆ ಸುರಿಯೋದನ್ನು ಯಾರು ಅಳೆಯುತ್ತಾರೆ? ನಾನು ಎಣ್ಣೆ ಡಬ್ಬವನ್ನೇ ಭಾನುವಾರ ತೂಗಿ, ಮುಂದಿನ ಭಾನುವಾರ ಮತ್ತೆ ತೂಗಿ, ಕಮ್ಮಿಯಾಗಿದ್ದನ್ನು ಮನೆಯವರಿಗೆ ಹಂಚಿದೆ. ತುಪ್ಪಕ್ಕೂ ಹಾಗೇ. ಎಲ್ಲ ಸೇರಿ ದಿನಕ್ಕೆ 1,750ರ ಆಸುಪಾಸು ಬಂತು. ತೂಕ 64ರಲ್ಲೇ ಇತ್ತು. ಅದೇ ದಿನಗಳಲ್ಲಿ ವಾಚ್ ತೋರಿಸಿದ ಸರಾಸರಿ 2,150. ಕದ್ದು ತಿಂದ ಕೋಡುಬಳೆಗೆ 100 ಬಿಟ್ಟರೂ 300 ಲೆಕ್ಕಕ್ಕೆ ಸಿಗೋದಿಲ್ಲ.

ದಿನಕ್ಕೆ 300 ಅಂದರೆ ತಿಂಗಳಿಗೆ 9,000. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಅಂತ ಲೆಕ್ಕ. ವಾಚ್ ಹೇಳಿದಷ್ಟೂ ತಿಂದರೆ ತಿಂಗಳಿಗೆ ಕಿಲೋ ಹತ್ತಿರ ಏರುವ ದಾರಿ ಅದು. ನಮ್ಮನೆಯವರು ಆ ದಾರಿಯಲ್ಲೇ ಇದ್ದರು.

"ಇವತ್ತು ಆರುನೂರು ಸುಟ್ಟಿದೀನಿ ಕಣೇ, ಇನ್ನೊಂದು ದೋಸೆ ಹಾಕು."

"ರೀ, ಅದು ನೀವು ಸುಟ್ಟಿದ್ದಲ್ಲ, ಬ್ಯಾಂಡ್ ಸುಟ್ಟಿದ್ದು."

"ಅದನ್ನ ಕಟ್ಕೊಂಡಿರೋದು ನಾನೇ ತಾನೆ?"

ಇದಕ್ಕೇನು ಹೇಳೋದು! ಆದರೆ ಇವರೊಬ್ಬರೇ ಅಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 471 ಜನರಿಗೆ ಡಯಟ್, ವ್ಯಾಯಾಮದ ಸಲಹೆ ಕೊಟ್ಟು, ಕೆಲವರಿಗೆ ಮಾತ್ರ ತೋಳಿಗೆ ಕಟ್ಟುವ ಟ್ರ್ಯಾಕರ್ ಕೊಟ್ಟಿದ್ದರು. ಎರಡು ವರ್ಷದ ಕೊನೆಗೆ ಟ್ರ್ಯಾಕರ್ ಇದ್ದವರು ಸರಾಸರಿ 3.5 ಕಿಲೋ ಇಳಿದಿದ್ದರು. ಇಲ್ಲದವರು 5.9 ಕಿಲೋ. ಇನ್ನೊಂದು ದೋಸೆಯೇ ಕಾರಣ ಅಂತ ಅವರೇನೂ ಬರೆದಿಲ್ಲ, ಆದರೆ ನಮ್ಮನೆ ನೋಡಿದವರಿಗೆ ಅನುಮಾನ ಬಾರದೇ ಇರದು.

ಇನ್ನೊಂದು ಗೊಂದಲ. ಕೆಲವು ವಾಚ್ ಬಿಎಂಆರ್ ಸೇರಿಸಿ ದಿನದ ಒಟ್ಟು ತೋರಿಸುತ್ತವೆ, ಕೆಲವು ಓಡಾಟದ ಕ್ಯಾಲೊರಿ ಮಾತ್ರ. ಫಿಟ್‌ಬಿಟ್‌ನಲ್ಲಿ ಮಧ್ಯರಾತ್ರಿಯಿಂದಲೇ ಒಟ್ಟು ಲೆಕ್ಕ ಶುರು. ಆ್ಯಪಲ್‌ನ ಕೆಂಪು ಉಂಗುರದಲ್ಲಿರೋದು ಓಡಾಟದ್ದು ಮಾತ್ರ. ಹಾಗಾಗಿ "ನಿಂದು ಎಷ್ಟು, ನಂದು ಎಷ್ಟು" ಅಂತ ಪಾರ್ಕಿನಲ್ಲಿ ಹೋಲಿಸುವ ಮೊದಲು ಯಾವುದರ ಜೊತೆ ಯಾವುದನ್ನು ಇಡುತ್ತಿದ್ದೀರಿ ಅಂತ ನೋಡಿ.

ಹಾಗಾದರೆ ಆ ಒಂದು ಸ್ಟಾರ್ ಯಾಕೆ? ತಪ್ಪು ತೋರಿಸಿದರೂ ನನ್ನ ವಾಚ್ ಹೆಚ್ಚುಕಮ್ಮಿ ಒಂದೇ ಥರ ತಪ್ಪು ತೋರಿಸುತ್ತದೆ. ಪರೀಕ್ಷೆ ಪೇಪರ್ ತಿದ್ದುತ್ತಾ ಕೂತ ವಾರ 1,900, ಬೇಸಿಗೆ ರಜೆಯಲ್ಲಿ ಮನೆ ಸುಣ್ಣಬಣ್ಣ ಮಾಡಿಸಿದ ವಾರ 2,400. ಎರಡೂ ಸುಳ್ಳೇ, ಆದರೆ ಯಾವುದು ಜಾಸ್ತಿ ಅನ್ನೋದು ಸುಳ್ಳಲ್ಲ. ಒಂದೇ ವಾಚ್, ಒಂದೇ ಕೈ, ವಾರದ ಸರಾಸರಿ. ಅಷ್ಟಕ್ಕೆ ಉಪಯೋಗ. ಆ್ಯಪ್‌ನಲ್ಲಿ ತೂಕವನ್ನು ಆಗಾಗ ತಿದ್ದುತ್ತಿರಿ, ಇಲ್ಲದಿದ್ದರೆ ಇದೂ ಕೆಡುತ್ತದೆ. ಊಟದ ಆ್ಯಪ್‌ಗೆ ವಾಚ್ ಜೋಡಿಸಿದ್ದರೆ, ವ್ಯಾಯಾಮದ ಕ್ಯಾಲೊರಿಯನ್ನು ಊಟದ ಲೆಕ್ಕಕ್ಕೆ ವಾಪಸ್ ಸೇರಿಸುವ ಆಯ್ಕೆಯನ್ನು ಮೊದಲು ಆಫ್ ಮಾಡಿ.

ನಾನು ಕ್ಯಾಲೊರಿಯನ್ನು ಮುಖಪುಟದಿಂದ ತೆಗೆದು ಆ ಜಾಗಕ್ಕೆ ನಾಡಿಬಡಿತ ಹಾಕಿಕೊಂಡಿದ್ದೇನೆ. ಬೆಳಿಗ್ಗೆ ಎದ್ದಾಗಿನ ನಾಡಿ 76 ಇದ್ದದ್ದು ಈಗ 68ಕ್ಕೆ ಬಂದಿದೆ. ವಾಚ್ ಇಟ್ಟುಕೊಂಡಿರೋದು ಅದಕ್ಕೇ. ಕೊಳ್ಳೋರಿಗೆ ಒಂದೇ ಮಾತು: "ಕ್ಯಾಲೊರಿ ಪಕ್ಕಾ ತೋರಿಸುತ್ತೆ ಮೇಡಂ" ಅಂತ ಅಂಗಡಿಯವರು ಜಾಸ್ತಿ ಬೆಲೆಯದನ್ನು ಮುಂದಿಟ್ಟರೆ, ಆ ಕಾರಣಕ್ಕೆ ಮಾತ್ರ ದುಡ್ಡು ಹಾಕಬೇಡಿ. ಬ್ಯಾಟರಿ ಎಷ್ಟು ದಿನ ಬರುತ್ತದೆ, ಸ್ಟ್ರಾಪ್ ಬೇರೆ ಸಿಗುತ್ತದಾ ಅಂತ ಕೇಳಿ. ನನ್ನ ವಾಚ್‌ನ ಸ್ಟ್ರಾಪ್ ಬೆವರಿಗೆ ಸೀಳಿ ಹೋಗಿ ಎರಡನೇದು ಹಾಕಿಸಿದ್ದಾಗಿದೆ.